ಬೆಲೆ ಏರಿದ್ದೇಕೆ ಎಂದು ಮೊದಲು ಕೇಳಿ

2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012 ಅನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಆ ಸೂಚ್ಯಂಕದಲ್ಲಿ ಅಷ್ಟು ಕಡಿಮೆ ಅಂಕಿ ಅದುವರೆಗೆ ಬಂದಿರಲಿಲ್ಲ. ಅದೇ ತಿಂಗಳ ನಮ್ಮ ಮನೆಯ ಖರ್ಚಿನ ಪುಸ್ತಕ ನೋಡಿದರೆ ಮೊತ್ತ ಹಿಂದಿನ ವರ್ಷಕ್ಕಿಂತ ಚೆನ್ನಾಗಿಯೇ ಏರಿತ್ತು. ಎರಡೂ ನಿಜ. ತರಕಾರಿ, ಬೇಳೆ ಅಗ್ಗವಾಗಿದ್ದವು, ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ಜಿಎಸ್‌ಟಿಯೂ ಇಳಿದಿತ್ತು. ಆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕವೇ ಶೇ 45.86. ಹಾಗಾಗಿ ತರಕಾರಿ ಇಳಿದರೆ ಅಂಕಿಯೂ ಇಳಿಯುತ್ತದೆ. ಸಂಬಳದ ಬಹುಪಾಲು ಬಾಡಿಗೆಗೆ, ಶಾಲೆಯ ಫೀಸಿಗೆ, ಔಷಧಿಗೆ ಹೋಗುವ ಮನೆಗೆ ಆ ಇಳಿಕೆ ಅಷ್ಟಾಗಿ ತಟ್ಟುವುದಿಲ್ಲ.

ಖರ್ಚಿನ ಪುಸ್ತಕದಲ್ಲಿ ಬೆಲೆಯ ಪಕ್ಕದಲ್ಲೇ ಅದು ಏರಿದ ಕಾರಣವನ್ನೂ ಬರೆದಿಡುವುದು ಕೆಲವು ವರ್ಷಗಳಿಂದ ನನ್ನ ಅಭ್ಯಾಸ. ಬರೆಯುತ್ತಾ ಹೋದಂತೆ ಏರಿಕೆಗಳಲ್ಲಿ ಮೂರು ಬಗೆ ಕಂಡವು. ಬಗೆ ಯಾವುದೆಂದು ತಿಳಿದರೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಮೊದಲನೆಯದು ಬೇಗ ಇಳಿಯುವ ಏರಿಕೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್‌ನ ಬೆಲೆ 2,000 ರೂಪಾಯಿ ದಾಟಿತ್ತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬೆಲೆ ಬಿದ್ದು ರೈತರು ಬೆಳೆಯ ಆರೈಕೆಯನ್ನೇ ಬಿಟ್ಟಿದ್ದರು. ಜೊತೆಗೆ ಎಲೆಮುರುಟು ರೋಗ, ಮಳೆಯ ಏರುಪೇರು. ದೇಶದ ಹಣದುಬ್ಬರ ಆ ತಿಂಗಳು ಶೇ 7.44 ಮುಟ್ಟಿತು. ಆದರೆ ಟೊಮೆಟೊ ಕೆಲವೇ ತಿಂಗಳ ಬೆಳೆ. ಬೆಲೆ ಕಂಡು ಎಲ್ಲರೂ ನಾಟಿ ಮಾಡಿದರು, ಸೆಪ್ಟೆಂಬರ್ ಹೊತ್ತಿಗೆ ಕೇಳುವವರಿಲ್ಲದೆ ಹಣ್ಣು ರಸ್ತೆಬದಿಗೆ ಬಿತ್ತು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಹುಣಸೆಹಣ್ಣಿನ ಸಾರೇ ನಡೆಯಿತು. ಇಂಥ ಏರಿಕೆಗೆ ಬಜೆಟ್ ಬದಲಿಸಬೇಕಿಲ್ಲ, ಅಡುಗೆ ಬದಲಿಸಿದರೆ ಸಾಕು.

ಎರಡನೆಯದು ನಿಧಾನವಾಗಿ ಇಳಿಯುವ ಏರಿಕೆ, ಮರಗಿಡಗಳದ್ದು. 30 ರೂಪಾಯಿಗೆ ತರುತ್ತಿದ್ದ ತೆಂಗಿನಕಾಯಿಗೆ 2025ರಲ್ಲಿ 60, 70 ಕೊಟ್ಟೆವು. ಇದರ ಬೇರು 2023ರ ಬರದಲ್ಲಿದೆ. ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಹೊಂಬಾಳೆಯೇ ಮರದೊಳಗೆ ರೂಪುಗೊಳ್ಳುವುದು ಅದಕ್ಕೂ ಎಷ್ಟೋ ಮೊದಲು. ಹೀಗಾಗಿ ಮಳೆ ಕೈಕೊಟ್ಟ ವರ್ಷದ ಪೆಟ್ಟು ಮುಂದಿನ ವರ್ಷಗಳ ಫಸಲಿನಲ್ಲಿ ಕಾಣುತ್ತದೆ. ಅದರ ಮೇಲೆ ಬಿಳಿ ನೊಣ, ಕಪ್ಪುತಲೆ ಹುಳುವಿನ ಕಾಟ. ಎಳನೀರಿಗೆ ಬೇಡಿಕೆ ಹೆಚ್ಚಿದಂತೆ ಕಾಯಾಗಿ ಬಲಿಯಬೇಕಾದದ್ದು ಎಳೆಯದರಲ್ಲೇ ಮರದಿಂದ ಇಳಿಯಿತು. ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 25,000 ರೂಪಾಯಿ ದಾಟಿತು.

ಇದೇ ಕೊಬ್ಬರಿ 2023ರಲ್ಲಿ 8,000ದ ಆಸುಪಾಸಿಗೆ ಕುಸಿದಿತ್ತು. ಆಗ ಬೆಂಬಲ ಬೆಲೆಯೇ 11,750 ರೂಪಾಯಿ ಇತ್ತು. ಆ ದಿನಗಳಲ್ಲಿ ಬೆಳೆಗಾರರು ಬೀದಿಗಿಳಿದಾಗ ಪೇಟೆಯ ನಮಗೆ ಅದು ಸುದ್ದಿಯಾಗಿ ತೋರಲಿಲ್ಲ. ಸರಕು ತೀರಾ ಅಗ್ಗವಾದ ವರ್ಷವೇ ಮುಂದಿನ ದುಬಾರಿಗೆ ದಾರಿ ಮಾಡುತ್ತದೆ ಎಂಬುದನ್ನು ಟೊಮೆಟೊ ತೋರಿಸಿತ್ತು. ಬೆಲೆಯಿಲ್ಲದ ತೋಟಕ್ಕೆ ಗೊಬ್ಬರ, ನೀರು ಹಾಕುವ ಶಕ್ತಿ ಯಾವ ರೈತನಿಗಿದೆ?

ಕಾಫಿಯದೂ ಇದೇ ಜಾತಿ. ಗಿಡ ಇರುವುದು ಕೊಡಗು, ಚಿಕ್ಕಮಗಳೂರಿನಲ್ಲಾದರೂ ಬೆಲೆಗೆ ದಾರಿ ತೋರುವುದು ಲಂಡನ್, ನ್ಯೂಯಾರ್ಕ್ ಪೇಟೆಗಳು. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ನಮ್ಮ ಪುಡಿ ಅಂಗಡಿಯ ಬೋರ್ಡು ಬದಲಾಗುತ್ತದೆ. ಇಂಥವುಗಳಿಗೆ ಒಂದೆರಡು ವರ್ಷದ ಮಟ್ಟಿಗೆ ಬಜೆಟ್‌ನಲ್ಲಿ ಹೆಚ್ಚು ಹಣ ಎತ್ತಿಡುವುದೇ ಸರಿ.

ಮೂರನೆಯದು ಏರಿದರೆ ಇಳಿಯದ ಏರಿಕೆ: ಬಾಡಿಗೆ, ಫೀಸು, ಆಸ್ಪತ್ರೆಯ ಬಿಲ್ಲು, ಕೂಲಿ. ಕಾಯಿ ದುಬಾರಿಯಾಯಿತೆಂದು ಹೋಟೆಲಿನಲ್ಲಿ ದೋಸೆಯ ದರ ಹೆಚ್ಚುತ್ತದೆ. ಕಾಯಿ ಅಗ್ಗವಾದಾಗ ದೋಸೆಯ ದರ ಇಳಿದದ್ದನ್ನು ನಾನು ನೋಡಿಲ್ಲ. ಅಷ್ಟು ಹೊತ್ತಿಗೆ ಮಳಿಗೆಯ ಬಾಡಿಗೆಯೂ ಭಟ್ಟರ ಸಂಬಳವೂ ಏರಿರುತ್ತವೆ. ಮುಂದೆಯೂ ಬೆಲೆ ಏರುತ್ತದೆ ಎಂದು ಎಲ್ಲರೂ ನಂಬಿ ಈಗಲೇ ದರ ಹೆಚ್ಚಿಸಿಬಿಟ್ಟರೆ ಆ ನಂಬಿಕೆಯೇ ಹಣದುಬ್ಬರಕ್ಕೆ ಕಾರಣವಾಗುತ್ತದೆ.

ರಿಸರ್ವ್ ಬ್ಯಾಂಕಿನ ಕೆಲಸ ಇಲ್ಲಿದೆ. ಹಣದುಬ್ಬರವನ್ನು ಶೇ 4ರಲ್ಲಿ, ಅತ್ತಿತ್ತ ಎಂದರೆ 2ರಿಂದ 6ರೊಳಗೆ ಇಡುವುದು ಅದರ ಗುರಿ. ಬಡ್ಡಿ ಏರಿಸಿದರೆ ತೆಂಗು ಕಾಯಿ ಬಿಡುವುದಿಲ್ಲ. ಆದರೆ ಸಾಲ ದುಬಾರಿಯಾಗಿ ಜನರ ಕೊಳ್ಳುವಿಕೆ ತಗ್ಗುತ್ತದೆ, ಮೊದಲೆರಡು ಬಗೆಯ ಏರಿಕೆ ಮೂರನೆಯದಾಗಿ ಬೇರೂರದಂತೆ ತಡೆಯಬಹುದು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ನಮ್ಮ ಗೃಹಸಾಲದ ಕಂತು ಅಷ್ಟೇ ಉಳಿದು ತೀರಿಸುವ ಅವಧಿ ಉದ್ದವಾಯಿತು. 2025ರಲ್ಲಿ ದರ ಇಳಿದು ಡಿಸೆಂಬರ್‌ಗೆ 5.25 ಆದಾಗಲೂ ಕಂತನ್ನು ಹಾಗೇ ಇಟ್ಟೆವು, ಅವಧಿ ಕುಗ್ಗಲಿ ಎಂದು. ಸಾಲವಿರುವವರಿಗೆ ನನ್ನ ಸಲಹೆಯೂ ಅದೇ.

ಉಳಿತಾಯ ಇರುವವರು ಈ ಲೆಕ್ಕ ನೋಡಿ. ಒಂದು ಲಕ್ಷದ ಠೇವಣಿಗೆ ಶೇ 7ರಂತೆ ವರ್ಷಕ್ಕೆ 7,000 ರೂಪಾಯಿ ಬಡ್ಡಿ. ಶೇ 20ರ ತೆರಿಗೆ ಕಳೆದರೆ ಉಳಿಯುವುದು 5,600. ಬೆಲೆಗಳು ಶೇ 6ರಷ್ಟು ಏರಿದ ವರ್ಷ, ಅದೇ ಸಾಮಾನಿಗೆ 6,000 ಹೆಚ್ಚು ಬೇಕು. ಪಾಸ್‌ಬುಕ್ಕಿನಲ್ಲಿ ಹಣ ಬೆಳೆದಿದೆ, ಕೊಳ್ಳುವ ಶಕ್ತಿ ಕುಗ್ಗಿದೆ. ಮಕ್ಕಳ ಓದಿನಂಥ ದೂರದ ಗುರಿಗೆ ಪೂರ್ತಿ ಹಣವನ್ನು ಠೇವಣಿಯಲ್ಲೇ ಇಡಬೇಡಿ ಎನ್ನುವುದು ಇದಕ್ಕೇ.

ಉಳಿತಾಯವೇ ಇಲ್ಲದವರ ಕಷ್ಟ ಇನ್ನೂ ದೊಡ್ಡದು. ಸರ್ಕಾರಿ ನೌಕರರಿಗೆ ಬೆಲೆಯ ಜೊತೆ ತುಟ್ಟಿಭತ್ಯೆ ಏರುತ್ತದೆ. ಭವಿಷ್ಯನಿಧಿಯ ಇಪಿಎಸ್ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಆಗಿತ್ತು, 2025ರಲ್ಲೂ ಅಷ್ಟೇ ಇತ್ತು. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದೆ ಎಂದು ಹಿಡಿದರೆ ಆ 1,000ಕ್ಕೆ ಉಳಿದಿರುವ ಬೆಲೆ 585 ರೂಪಾಯಿ. ದುಡಿದು ಹಣ್ಣಾದವರಿಗೆ ಇದು ಅನ್ಯಾಯ, ಆ ಮೊತ್ತವೂ ಬೆಲೆಯ ಜೊತೆ ಏರಲೇಬೇಕು.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಪ್ರತಿ ಯುಗಾದಿಗೆ, ಅವರು ಬಾಯಿಬಿಟ್ಟು ಕೇಳುವ ಮೊದಲೇ, ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ ಹೆಚ್ಚಿಸುತ್ತೇವೆ. ಅವರ ಖರ್ಚಿನಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಪಾಲು ನಮ್ಮದಕ್ಕಿಂತ ದೊಡ್ಡದು. ಹಾಗಾಗಿ ಆಹಾರ ದುಬಾರಿಯಾದ ವರ್ಷ ಹೆಚ್ಚಳವೂ ದೊಡ್ಡದೇ ಇರಬೇಕು. ಬೇರೆ ಎಲ್ಲಿ ಬೇಕಾದರೂ ಹಿಡಿತ ಮಾಡಿ, ಈ ಸಾಲಿನಲ್ಲಿ ಬೇಡ.