ಮೊದಲಕ್ಷರ ನುಂಗುವ ಲ್ಯಾಪ್‌ಟಾಪ್

ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ನಮ್ಮ ಮನೆಯಲ್ಲಿ ಅವನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗೆ ಓದುವುದು ಹಳೆಯದೊಂದು ಲ್ಯಾಪ್‌ಟಾಪಿನ ಮುಂದೆ ಕೂತು. ಅವನ ಓದೆಲ್ಲ ಕಿವಿಯಲ್ಲೇ. ಎನ್‌ವಿಡಿಎ ಎಂಬ ಉಚಿತ ಪರದೆವಾಚಕ ತಂತ್ರಾಂಶ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಕಣ್ಣು ಕಾಣದವರೇ ಆದ ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಈ ತಂತ್ರಾಂಶವನ್ನು ಬರೆಯಲು ಶುರು ಮಾಡಿದರು. ಹಣ ಕೊಟ್ಟು ಇಂಥದ್ದನ್ನು ಕೊಳ್ಳಲಾಗದ ಹಳ್ಳಿ ಮನೆಗಳಿಗೆ ಅದು ದೊಡ್ಡ ಉಪಕಾರ.

ಇಂಥ ಲ್ಯಾಪ್‌ಟಾಪಿನಲ್ಲಿ ಧ್ವನಿ ಆಗಾಗ ಹೋಗತೊಡಗಿತು. ನನಗಾದರೆ ಹಾಡು ನಿಂತಿತು ಅಷ್ಟೆ, ಪರದೆ ಕಣ್ಣ ಮುಂದೆ ಇರುತ್ತದೆ. ಅವನಿಗೆ ಧ್ವನಿ ಹೋದರೆ ಪರದೆಯೇ ಹೋದಂತೆ. ಯಾವ ಸಾಲಿನಲ್ಲಿದ್ದೇನೆ, ಬರೆದದ್ದು ಉಳಿಯಿತೋ ಅಳಿಯಿತೋ, ಒಂದೂ ಗೊತ್ತಾಗುವುದಿಲ್ಲ. ಪೂರ್ತಿ ಹೋದರೆ ಹೋಯಿತೆಂದಾದರೂ ತಿಳಿಯುತ್ತದೆ. ಸಾಲಿನ ಮೊದಲ ತುಣುಕು ಮಾತ್ರ ಹೋದರೆ ಅದೂ ತಿಳಿಯುವುದಿಲ್ಲ. ಸಂವಿಧಾನದ ಟಿಪ್ಪಣಿ ಓದುವಾಗ ‘ಮುನ್ನೂರ ಇಪ್ಪತ್ತನಾಲ್ಕನೇ ವಿಧಿ’ ಎಂಬುದರಲ್ಲಿ ‘ಮುನ್ನೂರ’ ನುಂಗಿಹೋದರೆ ಉಳಿಯುವುದು 24ನೇ ವಿಧಿ. 324 ಚುನಾವಣಾ ಆಯೋಗದ್ದು. 24 ಹದಿನಾಲ್ಕರೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಬಾರದು ಎನ್ನುವುದು. ತಪ್ಪು ಕೇಳಿದೆ ಎಂದು ಗೊತ್ತೇ ಆಗದೆ ತಪ್ಪು ಕಲಿಯುವ ಅಪಾಯ ಅದು. ಈ ದೋಷವನ್ನು ಮೂಲದಿಂದ ಹುಡುಕಲೇಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ.

ಮೊದಲು ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿನವರು ಚಾರ್ಜರ್ ಚುಚ್ಚಿ, ಸಿನಿಮಾ ಹಾಡು ಹಾಕಿ, ಪೂರ್ತಿ ಕೇಳಿಸಿದರು. ಧ್ವನಿ ಚೆನ್ನಾಗಿಯೇ ಇತ್ತು. ಮನೆಗೆ ತಂದರೆ ಮತ್ತೆ ಅದೇ ಕಥೆ. ಇನ್ನೊಮ್ಮೆ ಹೋದಾಗ ಫಾರ್ಮ್ಯಾಟ್ ಮಾಡೋಣ ಎಂದರು. ಆಮೇಲೆ ಬೋರ್ಡೇ ಹೋಗಿರಬೇಕು, ಹೊಸದು ತೆಗೆದುಕೊಳ್ಳಿ ಎಂಬ ಮಾತು ಬಂತು. ಅವರ ಕಣ್ಣೆದುರು ಒಮ್ಮೆಯೂ ಕೆಡದ ಯಂತ್ರಕ್ಕೆ ಅವರಾದರೂ ಏನು ಹೇಳಿಯಾರು? ಅಂಗಡಿಯಲ್ಲಿ ಅದು ಏಕೆ ಕೆಡುವುದಿಲ್ಲ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಉತ್ತರ ಹುಡುಕುವ ಕೆಲಸ ಮನೆಯಲ್ಲೇ ನಡೆಯಬೇಕಿತ್ತು.

ಕೇಳುವವನನ್ನು ಕೇಳಿದಾಗ

‘ಧ್ವನಿ ಹೋಗುತ್ತದೆ’ ಎಂದು ನಾವೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದೆವು. ಹೇಗೆ ಹೋಗುತ್ತದೆ ಎಂದು ತಮ್ಮನನ್ನು ಬಿಡಿಸಿ ಕೇಳಿದಾಗ ಅವನು ಹೇಳಿದ್ದು ಬೇರೆ.

“ಅಕ್ಕ, ಇದು ಎರಡ್ ಥರ ಹೋಯ್ತೈತೆ. ಒಂದೊಂದ್ ಸಲ ಮೊದ್ಲಕ್ಷರ ನುಂಗಿ ಆಮೇಲೆ ಸರ್ಯಾಗಿ ಓದ್ತೈತೆ. ಇನ್ನೊಂದ್ ಥರದಲ್ಲಿ ಪೂರ್ತಿ ನಿಂತೋಯ್ತೈತೆ, ಎಷ್ಟೊತ್ತು ಕಾದ್ರೂ ಬರಲ್ಲ.”

ಒಂದೇ ಎಂದುಕೊಂಡಿದ್ದ ತೊಂದರೆ ಎರಡಾಯಿತು. ಎರಡೂ ಬೆರೆತಿದ್ದರಿಂದಲೇ ಅದಕ್ಕೆ ಹೊತ್ತುಗೊತ್ತಿಲ್ಲ ಎನಿಸುತ್ತಿತ್ತು. ಅಲ್ಲಿಂದ ಮುಂದೆ ಧ್ವನಿ ಹೋದಾಗಲೆಲ್ಲ ಅವನು ತನ್ನ ಫೋನಿನಲ್ಲಿ ಮಾತಾಡಿ ದಾಖಲಿಸತೊಡಗಿದ. ಗಂಟೆ ಎಷ್ಟು, ಕರೆಂಟು ಇತ್ತೋ ಇಲ್ಲವೋ, ಅದಕ್ಕೆ ಮುಂಚೆ ಇಯರ್‌ಫೋನ್ ಹಾಕಿದ್ದನೋ, ಹೋದದ್ದು ಮೊದಲಕ್ಷರವೋ ಪೂರ್ತಿಯೋ, ಮತ್ತೆ ಏನು ಮಾಡಿದಾಗ ಬಂತು. ಆ ದಿನಗಳಲ್ಲಿ ಒಂದು ಸೆಟ್ಟಿಂಗನ್ನೂ ಮುಟ್ಟಬಾರದೆಂದು ಗೊತ್ತು ಮಾಡಿಕೊಂಡೆವು. ಬಂದು ಹೋಗುವ ದೋಷದಲ್ಲಿ ಇದು ಬಹಳ ಮುಖ್ಯ. ಇವತ್ತು ಡ್ರೈವರ್ ಬದಲಿಸಿ, ನಾಳೆ ಧ್ವನಿ ತಾನಾಗಿ ಸರಿಯಿದ್ದರೆ, ಡ್ರೈವರಿನಿಂದಲೇ ಸರಿಯಾಯಿತೆಂದು ನಂಬಿಬಿಡುತ್ತೇವೆ. ಏನೂ ಮಾಡದೆಯೂ ಅದು ಒಮ್ಮೊಮ್ಮೆ ಸರಿಯಿರುತ್ತದೆ ಎಂಬುದು ಮರೆತುಹೋಗುತ್ತದೆ.

ಕರೆಂಟು ಕೊಟ್ಟ ಸುಳಿವು

ದಾಖಲೆ ಕೂಡಿಸಿ ಕೇಳಿದಾಗ ಮೊದಲ ತೊಂದರೆಯ ಚಹರೆ ಎದ್ದು ಕಂಡಿತು. ಮೊದಲಕ್ಷರ ನುಂಗುತ್ತಿದ್ದುದು ಕರೆಂಟು ಇಲ್ಲದ ಹೊತ್ತಿನಲ್ಲಿ. ನಮ್ಮ ಕಡೆ ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ. ಪಾಳಿ ಬದಲಾಗುವಾಗ ಮನೆಯ ಕರೆಂಟೂ ಹೋಗಿ ಬರುವುದುಂಟು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕರೆಂಟು ಹೀಗೆ ಹೋಗಿ ಬಂದು ಲ್ಯಾಪ್‌ಟಾಪು ಹಾಳಾಗಿದೆ ಎಂಬುದು ಮನೆಯವರ ಅನುಮಾನ. ದಾಖಲೆಯಲ್ಲಿ ಇನ್ನೊಂದು ಅಂಶವೂ ಇತ್ತು. ಕರೆಂಟು ಇಲ್ಲದಾಗಲೂ ಪಾಠವನ್ನು ಒಂದೇ ಸಮನೆ ಓದಿಸಿದರೆ ಏನೂ ತಪ್ಪುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಕೆಳಗಿನ ಸಾಲಿಗೆ ಹೋದಾಗ ಮಾತ್ರ ಆ ಸಾಲಿನ ಮೊದಲ ತುಣುಕು ಮಾಯ.

ಕಾರಣ ಯಂತ್ರದ ಉಳಿತಾಯ ಬುದ್ಧಿಯಲ್ಲಿದೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಓಡುವಾಗ ಕೆಲಸವಿಲ್ಲದ ಭಾಗಗಳನ್ನೆಲ್ಲ ಮಲಗಿಸುತ್ತದೆ. ಧ್ವನಿಯ ಚಿಪ್ಪೂ ಅವುಗಳಲ್ಲಿ ಒಂದು. ಸ್ವಲ್ಪ ಹೊತ್ತು ಸದ್ದು ಬರದಿದ್ದರೆ ಅದಕ್ಕೆ ಹೋಗುವ ವಿದ್ಯುತ್ತನ್ನು ತಗ್ಗಿಸುತ್ತದೆ. ಮತ್ತೆ ಸದ್ದು ಬಂದಾಗ ಚಿಪ್ಪು ಎದ್ದು ಸಿದ್ಧವಾಗಲು ಒಂದಿಷ್ಟು ಕಾಲ ಬೇಕು. ಅಷ್ಟರಲ್ಲಿ ಹೊರಟ ಅಕ್ಷರ ಕೇಳಿಸುವುದಿಲ್ಲ. ಹಾಡು ಕೇಳುವವರಿಗೆ ಆ ಅರೆಕ್ಷಣ ಲೆಕ್ಕಕ್ಕಿಲ್ಲ. ಚುಟುಕು ಚುಟುಕಾಗಿ ಮಾತಾಡುವ ಪರದೆವಾಚಕಕ್ಕೆ ಅರೆಕ್ಷಣದಲ್ಲೇ ಒಂದು ಪದ ಮುಗಿದಿರುತ್ತದೆ.

ಅಂಗಡಿಯಲ್ಲಿ ದೋಷ ಕಾಣದ್ದೇಕೆ ಎಂಬುದು ಆಗ ಬಗೆಹರಿಯಿತು. ಅಲ್ಲಿ ಚಾರ್ಜರ್ ಸದಾ ಚುಚ್ಚಿರುತ್ತದೆ, ಹಾಗಾಗಿ ಚಿಪ್ಪು ಮಲಗುವುದಿಲ್ಲ. ಹಾಡು ನಿಲ್ಲದೆ ಹರಿಯುತ್ತದೆ, ಹಾಗಾಗಿ ಮಲಗಲು ಬಿಡುವೇ ಸಿಗುವುದಿಲ್ಲ. ಫಾರ್ಮ್ಯಾಟ್ ಮಾಡಿದ್ದರೂ ಅಲ್ಲಿ ಚೆನ್ನಾಗಿ ಹಾಡಿ, ಮನೆಗೆ ಬಂದು ಕರೆಂಟು ಹೋದೊಡನೆ ಅಕ್ಷರ ನುಂಗುತ್ತಿತ್ತು. ಜೊತೆಗೆ ತಮ್ಮ ತನಗೆ ಬೇಕಾದಂತೆ ಹೊಂದಿಸಿಕೊಂಡಿದ್ದ ಕೀಲಿಗಳು, ಓದಿನ ವೇಗ, ಉಚ್ಚಾರದ ಪಟ್ಟಿ ಎಲ್ಲ ಹೋಗುತ್ತಿದ್ದವು.

ಪರಿಹಾರಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಎನ್‌ವಿಡಿಎಯ ಈಚಿನ ಆವೃತ್ತಿಗಳಲ್ಲಿ, ಆಡಿಯೊ ಸೆಟ್ಟಿಂಗಿನೊಳಗೆ, ಮಾತು ಮುಗಿದ ಮೇಲೂ ಧ್ವನಿಯ ಸಾಧನವನ್ನು ಎಷ್ಟು ಹೊತ್ತು ಎಚ್ಚರವಾಗಿಡಬೇಕು ಎಂದು ಸೆಕೆಂಡುಗಳಲ್ಲಿ ತುಂಬುವ ಜಾಗವಿದೆ. ನಮ್ಮಲ್ಲಿದ್ದುದು ಹಳೆಯ ಆವೃತ್ತಿ. ಹೊಸದನ್ನು ಹಾಕಿ, ತಮ್ಮ ಒಂದು ಪ್ರಶ್ನೆಗೆ ಯೋಚಿಸುವ ಹೊತ್ತಿಗಿಂತ ಹೆಚ್ಚಾಗಿಯೇ ಆ ಅಂಕಿಯನ್ನು ಇಟ್ಟೆವು. ಬ್ಯಾಟರಿ ತುಸು ಹೆಚ್ಚು ಖರ್ಚಾದೀತು. ಅಕ್ಷರ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ. ವಿಂಡೋಸಿನ ಬದಲು ಲಿನಕ್ಸ್ ಬಳಸುವವರಿಗೂ ಇದೇ ಕಾಟ ಬರುವುದುಂಟು. ಅಲ್ಲಿ ಧ್ವನಿಯ ಡ್ರೈವರಿಗೆ ‘ಪವರ್ ಸೇವ್’ ಎಂಬ ಆಯ್ಕೆ ಇದೆ, ಅದನ್ನು ಸೊನ್ನೆ ಮಾಡಿದರೆ ಚಿಪ್ಪು ಮಲಗುವುದು ನಿಲ್ಲುತ್ತದೆ.

ನಡುವೆ ಬಿಚ್ಚಿ ನೋಡುವುದು

ಪೂರ್ತಿ ನಿಂತುಹೋಗುವ ಎರಡನೆಯ ತೊಂದರೆ ಹಾಗೇ ಉಳಿಯಿತು. ಅದಕ್ಕೆ ಕರೆಂಟಿನ ಸಂಬಂಧವೇ ಇರಲಿಲ್ಲ. ದಾಖಲೆಯ ಪ್ರಕಾರ ಅದು ಬರುತ್ತಿದ್ದುದು ಹೆಚ್ಚಾಗಿ ಇಯರ್‌ಫೋನ್ ಕಿತ್ತ ಮೇಲೆ. ಮತ್ತೆ ಚುಚ್ಚಿದರೆ ಕಿವಿಯಲ್ಲಿ ಧ್ವನಿ ಇದೆ, ಕಿತ್ತರೆ ಸ್ಪೀಕರಿನಲ್ಲಿ ಇಲ್ಲ.

ಲ್ಯಾಪ್‌ಟಾಪಿನೊಳಗೆ ಧ್ವನಿಗೆ ಒಂದು ದಾರಿ ಇದೆ. ತಂತ್ರಾಂಶದಿಂದ ವಿಂಡೋಸಿನ ಮಿಕ್ಸರಿಗೆ, ಅಲ್ಲಿಂದ ಡ್ರೈವರಿಗೆ, ಡ್ರೈವರಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಸ್ಪೀಕರಿಗೆ ಇಲ್ಲವೇ ಇಯರ್‌ಫೋನ್ ಚುಚ್ಚುವ ಜಾಕಿಗೆ. ತೋಟದ ಕೊನೆಯ ತೆಂಗಿಗೆ ನೀರು ಬರದಿದ್ದಾಗ ತಿಳಿದವರು ಮೋಟರಿನಿಂದ ಪೈಪಿನುದ್ದಕ್ಕೂ ಅಗೆಯುತ್ತ ಹೋಗುವುದಿಲ್ಲ. ನಡುವಿನ ಗೇಟ್‌ವಾಲ್ವಿನ ಬಳಿ ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರಿದ್ದರೆ ತೊಂದರೆ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ನಮಗೆ ಗೇಟ್‌ವಾಲ್ವಿನಂತೆ ಒದಗಿದ್ದು ಯುಎಸ್‌ಬಿಗೆ ಚುಚ್ಚುವ ಚಿಕ್ಕ ಸೌಂಡ್ ಅಡಾಪ್ಟರ್. ಅದರೊಳಗೆ ಅದರದ್ದೇ ಚಿಪ್ಪು, ಅದರದ್ದೇ ಜಾಕು ಇರುತ್ತದೆ, ಲ್ಯಾಪ್‌ಟಾಪಿನ ಒಳಗಿನವುಗಳ ಹಂಗಿಲ್ಲ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಧ್ವನಿ ಪೂರ್ತಿ ಹೋದ ಹೊತ್ತಿನಲ್ಲೇ ಅದನ್ನು ಚುಚ್ಚಿದೆವು, ಮಾತು ಸ್ಪಷ್ಟವಾಗಿ ಬಂತು. ಅಲ್ಲಿಗೆ ಎನ್‌ವಿಡಿಎ ಸರಿ, ವಿಂಡೋಸು ಸರಿ, ಮಿಕ್ಸರು ಸರಿ ಎಂದಾಯಿತು. ಆಮೇಲೆ ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿ ನೋಡಿದೆವು. ಹೀಗೆ ಮಾಡಿದರೆ ಒಳಗಿರುವ ವಿಂಡೋಸಿಗೆ, ಕಡತಗಳಿಗೆ ಏನೂ ಆಗುವುದಿಲ್ಲ. ಅಲ್ಲೂ ಸ್ಪೀಕರು ಅದೇ ರೀತಿ ಮೌನವಾಯಿತು. ಎರಡು ಬೇರೆ ವ್ಯವಸ್ಥೆಗಳಲ್ಲಿ ಒಂದೇ ಹಟವೆಂದರೆ ದೋಷ ತಂತ್ರಾಂಶದ್ದಲ್ಲ.

ಉಳಿದದ್ದು ಜಾಕು. ಇಯರ್‌ಫೋನ್ ಒಳಗೆ ಬಂದಿದೆ ಎಂದು ಯಂತ್ರಕ್ಕೆ ತಿಳಿಸಲು ಅದರೊಳಗೆ ಸಣ್ಣದೊಂದು ಲೋಹದ ಪಟ್ಟಿ ಇರುತ್ತದೆ. ಪಿನ್ನು ಒಳಗೆ ಹೋದಾಗ ಪಟ್ಟಿ ಸರಿಯುತ್ತದೆ, ಯಂತ್ರ ಸ್ಪೀಕರನ್ನು ಮುಚ್ಚುತ್ತದೆ. ಪಿನ್ನು ಕಿತ್ತಾಗ ಪಟ್ಟಿ ಹಿಂದಕ್ಕೆ ಬರಬೇಕು. ದಿನವೂ ಚುಚ್ಚಿ ಕಿತ್ತು ಅದರ ಬಿಗಿ ಸಡಿಲವಾದರೆ, ಇಲ್ಲವೇ ಧೂಳು, ಕಿಲುಬು ಕೂತರೆ, ಇಯರ್‌ಫೋನ್ ಇನ್ನೂ ಇದೆ ಎಂದೇ ಯಂತ್ರ ತಿಳಿಯುತ್ತದೆ. ನಮ್ಮದು ತೆಂಗಿನ ಸೀಮೆಯ ಮನೆ. ಕೊಬ್ಬರಿಗೆಂದು ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡುತ್ತೇವೆ, ತಮ್ಮ ಓದಲು ಕೂರುವುದು ಅದರ ಕೆಳಗೇ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ತೇವ ಮಾಡಿದ ಇಯರ್‌ಫೋನ್ ಪಿನ್ನನ್ನು ಒಳಗಾಡಿಸಿ ತೆಗೆದಾಗ ಕಂದು ಧೂಳು, ನಾರಿನ ಎಳೆ ಅಂಟಿಕೊಂಡು ಬಂತು.

ಇದನ್ನು ಮಾಡುವಾಗ ಲ್ಯಾಪ್‌ಟಾಪು ಪೂರ್ತಿ ಆರಿಸಿರಬೇಕು, ಚಾರ್ಜರ್ ಕಿತ್ತಿರಬೇಕು, ಒರೆಸಿದ ಮೇಲೆ ಆರಲು ಸಾಕಷ್ಟು ಹೊತ್ತು ಬಿಡಬೇಕು. ಗುಂಡುಸೂಜಿ ಹಾಕಬೇಡಿ, ಪಟ್ಟಿ ಬಾಗಿಬಿಡುತ್ತದೆ. ಬಾಯಿಂದ ಊದಿದರೆ ಎಂಜಲಿನ ಪಸೆ ಒಳಗೆ ಹೋಗುತ್ತದೆ. ಎಣ್ಣೆ ಬಿಟ್ಟರೆ ಮುಂದಿನ ಧೂಳೆಲ್ಲ ಅದಕ್ಕೇ ಹಿಡಿಯುತ್ತದೆ.

ಶುಚಿ ಮಾಡಿದ್ದು ಕೆಲವು ಕಾಲ ನಡೆಯಿತು, ಆಮೇಲೆ ಮತ್ತೆ ಕಾಣಿಸಿತು. ಪಟ್ಟಿಯೇ ಸವೆದಿದೆ ಎಂದರ್ಥ. ಕೆಲವು ಮಾದರಿಗಳಲ್ಲಿ ಜಾಕು ಚಿಕ್ಕ ಬೇರೆ ಬೋರ್ಡಿನ ಮೇಲಿರುತ್ತದೆ, ಅದೊಂದನ್ನೇ ಬದಲಿಸಬಹುದು. ದೊಡ್ಡ ಬೋರ್ಡಿಗೆ ಕೈಹಾಕುವ ಮುಂಚೆ ಇದನ್ನು ಕೇಳಿ ತಿಳಿಯಬೇಕು. ನಾವು ಆ ಖರ್ಚನ್ನೂ ಮಾಡಲಿಲ್ಲ. ದೋಷ ಪರೀಕ್ಷಿಸಲೆಂದು ತಂದ ಅಡಾಪ್ಟರನ್ನೇ ಖಾಯಂ ಮಾಡಿದೆವು. ಇಯರ್‌ಫೋನೂ ಚಿಕ್ಕ ಸ್ಪೀಕರೂ ಈಗ ಅದಕ್ಕೇ. ಅದು ಸವೆದರೆ ಬಿಸಾಕಿ ಇನ್ನೊಂದು ತರಬಹುದು, ಲ್ಯಾಪ್‌ಟಾಪು ಬಿಚ್ಚುವ ಪ್ರಮೇಯವಿಲ್ಲ.

ಮೌನವಾದ ಆ ಹೊತ್ತಿಗೆ

ಕಣ್ಣು ಕಾಣದವರು ಒಬ್ಬರೇ ಇರುವಾಗ ಧ್ವನಿ ಹೋದರೆ ಏನು ಮಾಡಬೇಕೆಂಬುದನ್ನು ಮೊದಲೇ ಕಲಿತಿರಬೇಕು. ತಮ್ಮನಿಗೆ ನಾವು ಕ್ರಮ ಮಾಡಿಕೊಟ್ಟಿದ್ದೇವೆ. ಮೊದಲು ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿ ಎನ್‌ವಿಡಿಎಯನ್ನು ಮತ್ತೆ ಎಬ್ಬಿಸುವುದು. ಮಾತಾಡದಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಒತ್ತುವುದು. ವಿಂಡೋಸಿನದೇ ಆದ ನರೇಟರ್ ಮಾತಾಡುತ್ತದೆ. ಅದು ಮಾತಾಡಿದರೆ ಧ್ವನಿಯ ದಾರಿ ಸರಿಯಿದೆ, ಎನ್‌ವಿಡಿಎ ಸಿಕ್ಕಿಕೊಂಡಿದೆ. ಅದೂ ಸುಮ್ಮನಿದ್ದರೆ ಅಡಾಪ್ಟರನ್ನು ಕಿತ್ತು ಇನ್ನೊಂದು ಯುಎಸ್‌ಬಿ ಕಿಂಡಿಗೆ ಚುಚ್ಚುವುದು. ಬೇರೆಯವರನ್ನು ಕೂಗುವುದು ಇವೆಲ್ಲ ಆದ ಮೇಲೆ. ಈ ಕ್ರಮ ಬೆರಳಿಗೆ ಬಂದ ಮೇಲೆ ಅವನ ಗಾಬರಿ ಇಳಿದದ್ದನ್ನು ನಾನು ನೋಡಿದ್ದೇನೆ.

ಕಣ್ಣಿರುವವರಿಗೂ ಒಂದು ಮಾತು. ವಿಡಿಯೊ ಕರೆ ಬಂದಾಗ ಮಾತ್ರ ಉಳಿದ ಧ್ವನಿ ಪಾತಾಳಕ್ಕಿಳಿದರೆ ಅದು ದೋಷವಾಗಿರಬೇಕಿಲ್ಲ. ಕರೆಯ ಹೊತ್ತಿನಲ್ಲಿ ಬೇರೆ ಸದ್ದುಗಳನ್ನು ಶೇ 80ರಷ್ಟು ತಗ್ಗಿಸುವ ಆಯ್ಕೆ ವಿಂಡೋಸಿನಲ್ಲಿದೆ. ಸೌಂಡ್ ಸೆಟ್ಟಿಂಗಿನ ಕಮ್ಯುನಿಕೇಷನ್ಸ್ ಪುಟದಲ್ಲಿ ಅದನ್ನು ತೆಗೆಯಬಹುದು.

ಹಳೆಯ ಯಂತ್ರ ಇನ್ನೆಷ್ಟು ದಿನ ಎಂಬ ಪ್ರಶ್ನೆಯೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಎಷ್ಟೋ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಮುಂದೆ ಲಿನಕ್ಸಿಗೆ ಹೋಗಬೇಕಾದೀತು ಎಂದು ತಮ್ಮ ಈಗಲೇ ಅಲ್ಲಿನ ಓರ್ಕಾ ಎಂಬ ಪರದೆವಾಚಕದ ಕೀಲಿಗಳನ್ನು ಅಭ್ಯಾಸ ಮಾಡುತ್ತಿದ್ದಾನೆ. ಆದರೆ ಯಂತ್ರ ಹಳೆಯದಾಗಿದೆ ಎಂಬುದು ನಮ್ಮ ಎರಡು ದೋಷಗಳಲ್ಲಿ ಒಂದಕ್ಕೂ ಉತ್ತರವಾಗಿರಲಿಲ್ಲ. ಮೊದಲನೆಯದು ಹೊಸ ಲ್ಯಾಪ್‌ಟಾಪಿನಲ್ಲೂ ಬರಬಹುದಾದದ್ದು. ಎರಡನೆಯದು ಚಿಕ್ಕದೊಂದು ಪಟ್ಟಿಯ ಸವೆತ.

ಬಂದು ಹೋಗುವ ತೊಂದರೆಯನ್ನು ಅಂಗಡಿಗೆ ಒಯ್ಯುವವರಿಗೆ ನಾನು ಹೇಳುವುದಿಷ್ಟು. ಯಾವಾಗ ಹೋಗುತ್ತದೆ, ಯಾವ ರೀತಿ ಹೋಗುತ್ತದೆ, ಏನು ಮಾಡಿದರೆ ಬರುತ್ತದೆ ಎಂಬ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚಾರ್ಜರ್ ಕಿತ್ತು, ಮನೆಯಲ್ಲಿ ಬಳಸುವ ಹಾಗೇ ಬಳಸಿ ತೋರಿಸಿ. ಯಂತ್ರವನ್ನು ದಿನವೂ ಬಳಸುವವರು ಕಣ್ಣು ಕಾಣದವರಾದರೆ, ಮಾತಾಡಲು ಅವರನ್ನೇ ಮುಂದೆ ಬಿಡಿ. ಜೊತೆಗೆ ಹೋದವರು ಅವರ ಪರವಾಗಿ ‘ಸೌಂಡ್ ಬರಲ್ಲ’ ಎಂದು ಮುಗಿಸಬೇಡಿ. ರಿಪೇರಿ ಮಾಡುವವರೂ ಸ್ಕ್ರೂ ಬಿಚ್ಚುವ ಮುಂಚೆ ಅವರ ಮಾತನ್ನು ಪೂರ್ತಿ ಕೇಳಲಿ. ನಮ್ಮ ಮನೆಯಲ್ಲಿ ದೋಷ ಎರಡಿವೆ ಎಂದು ಕಂಡುಹಿಡಿದವನು ನನ್ನ ತಮ್ಮನೇ.