ಅಂಗಳದ ಕ್ಯಾಮೆರಾ ಬೆಂಗಳೂರಲ್ಲಿ ಕಾಣಬೇಕಂದ್ರೆ: ಸ್ಟ್ಯಾಟಿಕ್ ಐಪಿಯೋ, ಡೈನಾಮಿಕ್ ಡಿಎನ್‌ಎಸ್ಸೋ?

ಸಿದ್ದಾಪುರ ತಾಲೂಕಿನ ನಿಲ್ಕುಂದ ಘಟ್ಟದ ಅಂಚಿನ ಊರು. ಅಡಿಕೆ ತೋಟ, ಸುತ್ತ ಕಾಡು, ದೂರ ದೂರ ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಕೊನೆಕೊಯ್ಲು ಶುರುವಾದ ಮೇಲೆ ಇಂಥ ಮನೆಗಳ ಅಂಗಳದಲ್ಲಿ ಇಡೀ ವರ್ಷದ ಆದಾಯ ಬಿಸಿಲಿಗೆ ಬಿದ್ದಿರತ್ತೆ. ಚಾಲಿ ಮಾಡೋ ಹಣ್ಣಡಿಕೆ ಸರಿಯಾಗಿ ಒಣಗೋಕೆ ಒಂದೂವರೆ ತಿಂಗಳಾದರೂ ಬೇಕು. ಎಷ್ಟೋ ಮನೆಗಳಲ್ಲಿ ಈಗ ಇರೋದು ವಯಸ್ಸಾದ ಇಬ್ಬರೇ, ಮಕ್ಕಳೆಲ್ಲ ಬೆಂಗಳೂರಲ್ಲಿ. ಆದ್ದರಿಂದ ಅಂಗಳಕ್ಕೆ ಎರಡು, ದಣಪೆ ಹತ್ತಿರ ಒಂದು ಕ್ಯಾಮೆರಾ, ಒಳಗೆ ಒಂದು ಡಿವಿಆರ್ ಪೆಟ್ಟಿಗೆ.

ಕ್ಯಾಮೆರಾ ಹಾಕೋದು ಸುಲಭ. ಅದನ್ನು 400 ಕಿಲೋಮೀಟರ್ ಆಸುಪಾಸಿನ ದೂರದಿಂದ ನೋಡೋದು ಹೇಗೆ ಅನ್ನೋದು ಪ್ರಶ್ನೆ. ಒಬ್ಬರು "ಸ್ಟ್ಯಾಟಿಕ್ ಐಪಿ ತಗೊಳ್ಳಿ" ಅಂತಾರೆ. ಇನ್ನೊಬ್ಬರು "ಅದೆಲ್ಲ ದುಡ್ಡು ದಂಡ, ಡಿಡಿಎನ್‌ಎಸ್ ಹಾಕಿದ್ರೆ ಸಾಕು" ಅಂತಾರೆ. ನಾವು ಎಂಜಿನಿಯರಿಂಗ್ ಓದ್ತಿದೀವಿ ಅಂತ ಗೊತ್ತಾದ ಕೂಡಲೇ ಊರಿನವರು ಕೇಳೋದೂ ಇದನ್ನೇ. ನಮ್ಮ ಉತ್ತರ ಮೊದಲೇ ಹೇಳಿಬಿಡ್ತೀವಿ: ಎರಡೂ "ಮನೆ ಎಲ್ಲಿದೆ?" ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ. "ಹೊರಗಿನಿಂದ ಆ ಮನೆಗೆ ದಾರಿ ಇದೆಯಾ?", "ಬಾಗಿಲಿಗೆ ಬೀಗ ಇದೆಯಾ?" ಅನ್ನೋ ಇನ್ನೆರಡು ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಅವು ಮೊದಲನೆಯದಕ್ಕಿಂತ ಮುಖ್ಯ.

ವಿಳಾಸ ಯಾಕೆ ಬದಲಾಗತ್ತೆ?

ಐಪಿವಿ4 ವಿಳಾಸ 32 ಬಿಟ್‌ನದು. ಅಂದ್ರೆ ಒಟ್ಟು 2ರ ಘಾತ 32, ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ, ಒಬ್ಬೊಬ್ಬರ ಹತ್ತಿರ ಎರಡು ಮೂರು ಸಾಧನ. ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು 2011ರ ಫೆಬ್ರವರಿ 3ರಂದು ಐದು ವಲಯಗಳಿಗೆ ಒಂದೊಂದರಂತೆ ಹಂಚಿ ಮುಗಿಸಿದರು. ಭಾರತ ಸೇರುವ ಏಷ್ಯಾ ಪೆಸಿಫಿಕ್ ವಲಯದ ಎಪಿನಿಕ್ ಸಂಸ್ಥೆ ಅದೇ ಏಪ್ರಿಲ್‌ನಿಂದಲೇ ರೇಷನ್ ಥರ ಅಳೆದು ಕೊಡೋಕೆ ಶುರು ಮಾಡ್ತು.

ವಿಳಾಸ ಕಡಿಮೆ ಇದ್ದಾಗ ಇಂಟರ್ನೆಟ್ ಕೊಡೋ ಕಂಪನಿ ಏನು ಮಾಡತ್ತೆ? ಒಂದಿಷ್ಟು ವಿಳಾಸಗಳ ರಾಶಿ ಇಟ್ಟುಕೊಂಡು, ಯಾವ ರೌಟರ್ ಕನೆಕ್ಟ್ ಆಗತ್ತೋ ಅದಕ್ಕೆ ಒಂದನ್ನು ಕೊಡತ್ತೆ. ರೌಟರ್ ಆಫ್ ಆಗಿ ಆನ್ ಆದ್ರೆ ಬೇರೆ ವಿಳಾಸ ಸಿಗಬಹುದು. ಇದು ಡೈನಾಮಿಕ್ ಐಪಿ. ಮಳೆಗಾಲದಲ್ಲಿ ನಮ್ಮ ಮಲೆನಾಡಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರತ್ತೆ ಅಂತ ಹೇಳಬೇಕಾಗಿಲ್ಲ. ಆಯಿ ಫೋನಲ್ಲಿ "ತಮಾ, ಕರೆಂಟು ಹೋತು" ಅಂದ್ರೆ, ನೆಟ್‌ವರ್ಕ್ ಭಾಷೆಯಲ್ಲಿ ಅದರ ಅರ್ಥ "ಮನೆಯ ವಿಳಾಸ ಬದಲಾಗಬಹುದು" ಅಂತ.

ಎರಡು ಪರಿಹಾರ

ಸ್ಟ್ಯಾಟಿಕ್ ಐಪಿ ಅಂದ್ರೆ ಕಂಪನಿ ನಿಮಗಾಗಿಯೇ ಒಂದು ವಿಳಾಸ ತೆಗೆದಿಡತ್ತೆ, ಅದಕ್ಕೆ ಪ್ರತ್ಯೇಕ ಬಾಡಿಗೆ ತಗೊಳ್ಳತ್ತೆ. ಕರೆಂಟು ಹತ್ತು ಸಲ ಹೋದರೂ ವಿಳಾಸ ಅದೇ. ನಡುವೆ ಮೂರನೆಯವರು ಇರಲ್ಲ.

ಡೈನಾಮಿಕ್ ಡಿಎನ್‌ಎಸ್‌ನಲ್ಲಿ ವಿಳಾಸ ಬದಲಾಗೋದಕ್ಕೆ ಬಿಟ್ಟು, ಹೆಸರನ್ನು ಸ್ಥಿರ ಮಾಡ್ಕೋತೀವಿ. ಹೆಸರು ಕೊಟ್ಟರೆ ಐಪಿ ವಿಳಾಸ ಹೇಳೋದು ಡಿಎನ್‌ಎಸ್ ಕೆಲಸ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ ಇದು. ರೌಟರ್‌ನಲ್ಲೋ ಡಿವಿಆರ್‌ನಲ್ಲೋ ಕೂತ ಒಂದು ಚಿಕ್ಕ ಪ್ರೋಗ್ರಾಂ ಆಗಾಗ "ಈಗ ನನ್ನ ವಿಳಾಸ ಏನು?" ಅಂತ ನೋಡತ್ತೆ, ಬದಲಾಗಿದ್ರೆ ಡಿಡಿಎನ್‌ಎಸ್ ಸರ್ವರ್‌ಗೆ ತಿಳಿಸತ್ತೆ. ನಿಮ್ಮ ಮೊಬೈಲಿಗೆ ಹೆಸರು ಗೊತ್ತಿದ್ರೆ ಸಾಕು.

ಇಲ್ಲಿ ಒಂದು ಲೆಕ್ಕ ಮಾಡೋಣ. ಕರೆಂಟು ಬಂದ ಮೇಲೆ ರೌಟರ್ ಏಳೋಕೆ 2 ನಿಮಿಷ ಅಂದ್ಕೊಳ್ಳಿ. ಪ್ರೋಗ್ರಾಂ 5 ನಿಮಿಷಕ್ಕೊಮ್ಮೆ ವಿಳಾಸ ನೋಡತ್ತೆ. ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನೋ ಟಿಟಿಎಲ್ 60 ಸೆಕೆಂಡ್ ಇದೆ. ಒಟ್ಟು ಹೆಚ್ಚೆಂದರೆ 8 ನಿಮಿಷ ಹೆಸರು ತಪ್ಪು ವಿಳಾಸ ತೋರಿಸಬಹುದು. ಮನೆ ಬಳಕೆಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಟಿಟಿಎಲ್ 1 ಗಂಟೆ ಇದ್ದರೆ ಅದೇ ಲೆಕ್ಕ 67 ನಿಮಿಷ ಆಗತ್ತೆ. ಡಿಡಿಎನ್‌ಎಸ್ ಕೊಡೋರು ಟಿಟಿಎಲ್ ಚಿಕ್ಕದಾಗಿ ಇಡೋದು ಇದಕ್ಕೇ.

ಡಿಡಿಎನ್‌ಎಸ್‌ನ ಇನ್ನೊಂದು ಮಿತಿ ಅಂದ್ರೆ ಮೂರನೆಯವರ ಮೇಲಿನ ಅವಲಂಬನೆ. ನೋ-ಐಪಿಯ ಉಚಿತ ಹೆಸರನ್ನು 30 ದಿನಕ್ಕೊಮ್ಮೆ ಖಚಿತಪಡಿಸ್ತಾ ಇರಬೇಕು, ಮರೆತರೆ ಹೆಸರು ಹೋಗತ್ತೆ. 2014ರ ಜೂನ್ 30ರಂದು, ಮಾಲ್‌ವೇರ್ ತಡೆಯೋದಕ್ಕೆ ಅಂತ ಮೈಕ್ರೋಸಾಫ್ಟ್ ಕೋರ್ಟ್ ಆದೇಶ ತಂದು ನೋ-ಐಪಿಯ ಇಪ್ಪತ್ತಕ್ಕೂ ಹೆಚ್ಚು ಡೊಮೇನ್‌ಗಳನ್ನು ತನ್ನ ವಶಕ್ಕೆ ತಗೊಂಡಿತ್ತು. ಏನೂ ತಪ್ಪು ಮಾಡದ ಲಕ್ಷಗಟ್ಟಲೆ ಬಳಕೆದಾರರ ಹೆಸರುಗಳೂ ಕೆಲ ದಿನ ಕೆಲಸ ಮಾಡಲಿಲ್ಲ.

ಎರಡೂ ಕೈಕೊಡೋ ಜಾಗ

ಡಿಡಿಎನ್‌ಎಸ್ ಸರಿಯಾಗಿ ಹಾಕಿದೀವಿ, ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೀವಿ, ಆದ್ರೂ ಹೊರಗಿನಿಂದ ಕ್ಯಾಮೆರಾ ತೆರೆಯಲ್ಲ. ಕಾರಣ ಬಹಳ ಸಲ ಸಿಜಿನ್ಯಾಟ್, ಅಂದ್ರೆ ಕಂಪನಿಯ ಮಟ್ಟದಲ್ಲೇ ನಡೆಯೋ ವಿಳಾಸ ಹಂಚಿಕೆ.

ಹಾಸ್ಟೆಲ್ ಆಫೀಸಲ್ಲಿ ಒಂದೇ ಫೋನಿದೆ ಅಂದ್ಕೊಳ್ಳಿ. ಒಳಗಿನ ಯಾರು ಬೇಕಾದ್ರೂ ಅದರಿಂದ ಹೊರಗೆ ಫೋನ್ ಮಾಡಬಹುದು. ಆ ಕಡೆಯವರಿಗೆ ಕಾಣೋದು ಒಂದೇ ನಂಬರು. ಆದರೆ ಹೊರಗಿನಿಂದ ಅದೇ ನಂಬರಿಗೆ ಫೋನ್ ಬಂದರೆ, ಯಾವ ರೂಮಿಗೆ ಅಂತ ವಾರ್ಡನ್‌ಗೆ ಗೊತ್ತಾಗಲ್ಲ, ಇಟ್ಟುಬಿಡ್ತಾರೆ. ನಮ್ಮ ಮನೆ ರೌಟರ್ ಮಾಡೋದೂ ಇದನ್ನೇ. ಅಲ್ಲಿ ವಾರ್ಡನ್ ನಾವೇ, "ಈ ಪೋರ್ಟಿಗೆ ಬಂದದ್ದು ಡಿವಿಆರ್‌ಗೆ ಕೊಡು" ಅಂತ ಹೇಳಿಡಬಹುದು. ಸಿಜಿನ್ಯಾಟ್ ಇದ್ದಾಗ ಅದರ ಮೇಲೆ ಇನ್ನೊಬ್ಬ ವಾರ್ಡನ್ ಇರ್ತಾನೆ, ಕಂಪನಿಯಲ್ಲಿ. ಅವನಿಗೆ ನಾವು ಏನೂ ಹೇಳೋಕಾಗಲ್ಲ.

ಈ ಮಧ್ಯದ ಜಾಲಕ್ಕೆ ಅಂತಲೇ 2012ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 6598 ಒಂದು ವಿಳಾಸದ ಕಟ್ಟು ಮೀಸಲಿಟ್ಟಿತು: 100.64.0.0ರಿಂದ 100.127.255.255ರ ತನಕ, ಸುಮಾರು 42 ಲಕ್ಷ ವಿಳಾಸ. ರೌಟರ್‌ಗೆ ಇಂಥ ವಿಳಾಸ ಸಿಕ್ಕಿದ್ರೆ ಡಿಡಿಎನ್‌ಎಸ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಪ್ರಯೋಜನ ಇಲ್ಲ. ಅದು ಕೊಡೋ ವಿಳಾಸ ಒಂದೋ ಹೊರಗಿನಿಂದ ತಲುಪಲಾಗದ 100ರ ವಿಳಾಸ, ಇಲ್ಲಾ ಊರಿಗೆಲ್ಲ ಸೇರಿದ ಕಂಪನಿಯ ವಿಳಾಸ.

ಇಲ್ಲಿ ಸ್ಟ್ಯಾಟಿಕ್ ಐಪಿಯ ನಿಜವಾದ ಬೆಲೆ ಗೊತ್ತಾಗತ್ತೆ. ಅದು ಸ್ಥಿರವಾಗಿರೋದಕ್ಕಿಂತ ಸಾರ್ವಜನಿಕ ವಿಳಾಸ ಆಗಿರೋದು ದೊಡ್ಡದು. ಆದ್ದರಿಂದ ದುಡ್ಡು ಕೊಡೋ ಮುಂಚೆ ಕಂಪನಿಯವರನ್ನು "ಇದು ಪಬ್ಲಿಕ್ ಐಪಿನಾ?" ಅಂತ ಸ್ಪಷ್ಟವಾಗಿ ಕೇಳಿ. ಸ್ಟ್ಯಾಟಿಕ್ ಆದ ಮಾತ್ರಕ್ಕೆ ಪಬ್ಲಿಕ್ ಆಗಲೇಬೇಕು ಅಂತಿಲ್ಲ.

ಮನೆಯಲ್ಲೇ ಮಾಡೋ ಪರೀಕ್ಷೆ

1. ಮನೆಯ ವೈಫೈಗೆ ಕನೆಕ್ಟ್ ಆಗಿ, ಮೊಬೈಲ್ ಡೇಟಾ ಆಫ್ ಮಾಡಿ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರೋದನ್ನು ಬರ್ಕೊಳ್ಳಿ.
2. ಬ್ರೌಸರ್‌ನಲ್ಲಿ ನಿಮ್ಮ ಐಪಿ ಏನು ಅಂತ ಹುಡುಕಿ, ಬಂದ ಐಪಿವಿ4 ವಿಳಾಸ ಬರ್ಕೊಳ್ಳಿ.
3. ಎರಡೂ ಒಂದೇ ಆಗಿದ್ರೆ ನಿಮಗೆ ಪಬ್ಲಿಕ್ ವಿಳಾಸ ಇದೆ. ಬೇರೆ ಇದ್ದು, ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ರೆ ಸಿಜಿನ್ಯಾಟ್. 10ರಿಂದ ಶುರುವಾದರೂ ಸಾಮಾನ್ಯವಾಗಿ ಅದೇ ಕಥೆ. 192.168 ಅಂತಿದ್ರೆ ಮೊದಲು ಮನೆಯಲ್ಲೇ ಫೈಬರ್ ಪೆಟ್ಟಿಗೆ ಒಂದು, ರೌಟರ್ ಒಂದು, ಹೀಗೆ ಎರಡೆರಡು ಇದೆಯಾ ನೋಡಿ.
4. ಪೋರ್ಟ್ ತೆರೆದಿದೆಯಾ ಅಂತ ನೋಡೋವಾಗ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನೋಡಿ. ಒಳಗಿಂದಲೇ ಹೊರಗಿನ ವಿಳಾಸಕ್ಕೆ ಹೋಗಿ ವಾಪಸ್ ಬರೋದನ್ನು ಎಷ್ಟೋ ರೌಟರ್‌ಗಳು ಬಿಡಲ್ಲ, ಸರಿ ಇದ್ದದ್ದೂ ತಪ್ಪು ಅಂತ ಕಾಣತ್ತೆ.

ಐದು ನಿಮಿಷದ ಕೆಲಸ. ಇದನ್ನು ಮಾಡದೆ ಸ್ಟ್ಯಾಟಿಕ್ಕೋ ಡಿಡಿಎನ್‌ಎಸ್ಸೋ ಅಂತ ಚರ್ಚೆ ಮಾಡೋದ್ರಲ್ಲಿ ಅರ್ಥ ಇಲ್ಲ.

ಬೀಗದ ಮಾತು

ವಿಳಾಸ ಸಿಕ್ಕಿತು, ದಾರಿಯೂ ಸಿಕ್ಕಿತು ಅಂದ್ಕೊಳ್ಳಿ. ನಮಗೆ ತೆರೆದ ದಾರಿ ಎಲ್ಲರಿಗೂ ತೆರೆದಿರತ್ತೆ. ಇಡೀ ಐಪಿವಿ4 ಜಗತ್ತನ್ನು ಸ್ಕ್ಯಾನ್ ಮಾಡೋ ಪ್ರೋಗ್ರಾಂಗಳು ಹಗಲು ರಾತ್ರಿ ಓಡ್ತಿರತ್ತೆ. ಕಾಡಿನ ಮಧ್ಯದ ಮನೆ ಯಾರಿಗೆ ಕಾಣತ್ತೆ ಅನ್ನೋ ಮಾತು ರಸ್ತೆಗೆ ಸರಿ, ಇಂಟರ್ನೆಟ್ಟಿಗಲ್ಲ.

2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಮಾಡಿದ್ದು ಇದನ್ನೇ. ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹುಡುಕಿ, ಕಂಪನಿ ಹಾಕಿ ಕಳಿಸಿದ ಪಾಸ್‌ವರ್ಡ್ ಬದಲಾಯಿಸದೇ ಇದ್ದವುಗಳ ಒಳಗೆ ಹೊಕ್ಕಿತು. ಅದರ ಹತ್ತಿರ ಇದ್ದದ್ದು ಅರವತ್ತರ ಆಸುಪಾಸು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಜೋಡಿ, ಅಷ್ಟೇ. ಹಾಗೆ ಹಿಡಿದ ಸಾಧನಗಳ ದಂಡು 2016ರ ಅಕ್ಟೋಬರ್ 21ರಂದು ಡಿನ್ ಅನ್ನೋ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳ ಮೇಲೆ ದಾಳಿ ಮಾಡಿ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಅಲುಗಾಡಿಸಿತು. ಡಿನ್ ಶುರುವಾಗಿದ್ದೇ ಡೈನಾಮಿಕ್ ಡಿಎನ್‌ಎಸ್ ಸೇವೆಯಾಗಿ. ಮನೆ ಕ್ಯಾಮೆರಾಗಳನ್ನು ಹೊರಗಿನಿಂದ ಹುಡುಕಿಕೊಳ್ಳೋಕೆ ಜನ ಬಳಸಿದ್ದ ಕಂಪನಿಯನ್ನೇ ಬೀಗ ಹಾಕದ ಕ್ಯಾಮೆರಾಗಳು ಹೊಡೆದವು.

ಆದ್ದರಿಂದ ಡಿವಿಆರ್‌ನ ಪೋರ್ಟನ್ನು ನೇರವಾಗಿ ಹೊರಗೆ ತೆರೆಯಬೇಡಿ. ವಯರ್‌ಗಾರ್ಡ್‌ನಂಥ ವಿಪಿಎನ್ ಅನ್ನು ರೌಟರ್‌ನಲ್ಲೋ ಹಳೆಯ ಲ್ಯಾಪ್‌ಟಾಪ್‌ನಲ್ಲೋ ಹಾಕಿ, ಅದರ ಒಂದೇ ಯುಡಿಪಿ ಪೋರ್ಟ್ ತೆರೆಯಿರಿ. ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್‌ಗೆ ವಯರ್‌ಗಾರ್ಡ್ ಉತ್ತರವನ್ನೇ ಕೊಡಲ್ಲ, ಸ್ಕ್ಯಾನ್ ಮಾಡೋರಿಗೆ ಅಲ್ಲಿ ಏನೋ ಇದೆ ಅಂತಲೂ ತಿಳಿಯಲ್ಲ. ಜೊತೆಗೆ ಪಾಸ್‌ವರ್ಡ್ ಬದಲಾಯಿಸಿ, ನೋಡೋಕೆ ಮಾತ್ರ ಅನುಮತಿ ಇರೋ ಬೇರೆ ಖಾತೆ ಮಾಡಿ, ರೌಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ.

ಹಾಗಾದ್ರೆ ಯಾವುದು?

ಪಬ್ಲಿಕ್ ವಿಳಾಸ ಇದೆ, ನೋಡೋರು ಮನೆಯವರು ಮಾತ್ರ ಅಂತಾದ್ರೆ ಡಿಡಿಎನ್‌ಎಸ್ ಜೊತೆ ವಿಪಿಎನ್ ಸಾಕು. ಸ್ಟ್ಯಾಟಿಕ್ ಐಪಿಗೆ ದುಡ್ಡು ಹಾಕಬೇಕಾಗಿಲ್ಲ.

ಅಡಿಕೆ ಗೋದಾಮು, ಸೊಸೈಟಿ ಶಾಖೆ, ಹೀಗೆ ನಾಲ್ಕಾರು ಕಡೆಯ ಕ್ಯಾಮೆರಾಗಳು ಒಂದೇ ಆಫೀಸಿಗೆ ಬರಬೇಕು ಅಂತಾದ್ರೆ ಆ ಆಫೀಸಿಗೆ ಸ್ಟ್ಯಾಟಿಕ್ ಐಪಿ ತಗೊಳ್ಳೋದು ಒಳ್ಳೇದು. ಶಾಖೆಗಳೇ ಅದಕ್ಕೆ ಕನೆಕ್ಟ್ ಆಗತ್ವೆ. ಶಾಖೆಯ ಫೈರ್‌ವಾಲ್‌ನಲ್ಲಿ "ಈ ಒಂದು ವಿಳಾಸಕ್ಕೆ ಮಾತ್ರ ಬಿಡು" ಅಂತ ನಿಯಮ ಬರೆಯೋಕೂ ಆಗತ್ತೆ.

ಸಿಜಿನ್ಯಾಟ್ ಇದ್ದರೆ ಮೂರು ದಾರಿ. ಕಂಪನಿಯಿಂದ ಪಬ್ಲಿಕ್ ಐಪಿ ಕೇಳಿ ಪಡೆಯೋದು ಒಂದು. ಎರಡನೆಯದು, ಬಾಡಿಗೆಗೆ ಒಂದು ಚಿಕ್ಕ ಸರ್ವರ್ ತಗೊಂಡು, ಮನೆಯಿಂದಲೇ ಅದಕ್ಕೆ ವಯರ್‌ಗಾರ್ಡ್ ಸುರಂಗ ಹಾಕಿಡೋದು. ಹೊರಗೆ ಹೋಗೋ ಫೋನನ್ನು ವಾರ್ಡನ್ ತಡೆಯಲ್ಲ ಅಲ್ವಾ? 25 ಸೆಕೆಂಡಿಗೊಂದು ಪ್ಯಾಕೆಟ್ ಕಳಿಸ್ತಾ ಇದ್ರೆ ಸಾಲು ತೆರೆದೇ ಇರತ್ತೆ. ಮೂರನೆಯದು ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್. ಅದು ಕೆಲಸ ಮಾಡೋದೂ ಇದೇ ತತ್ವದಲ್ಲಿ, ಬಲು ಸುಲಭ. ಆದರೆ ಅಂಗಳಕ್ಕೆ ಹೋಗೋ ದಾರಿ ಆ ಕಂಪನಿಯ ಕೈಯಲ್ಲಿರತ್ತೆ ಅನ್ನೋದು ನೆನಪಿರಲಿ. ಐಪಿವಿ6 ಎರಡೂ ಕಡೆ ಸಿಗೋದಾದರೆ ಸಿಜಿನ್ಯಾಟ್ ತಾಪತ್ರಯವೇ ಇಲ್ಲ, ಆದರೆ ಫೈರ್‌ವಾಲ್ ಅಲ್ಲೂ ಬೇಕು.

ಇದೆಲ್ಲಕ್ಕಿಂತ ಮುಂಚೆ ಒಂದು ಬ್ಯಾಟರಿ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಸೇರಿ 15 ವ್ಯಾಟ್ ತಗೊಂಡ್ರೆ, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ 84 ವ್ಯಾಟ್-ಅವರ್‌ನಲ್ಲಿ, ನಷ್ಟ ಕಳೆದು, ನಾಲ್ಕು ಗಂಟೆಯಾದರೂ ನಡೀಬೇಕು. ಡಿವಿಆರ್, ಕ್ಯಾಮೆರಾ ಸೇರಿಸಿದ್ರೆ ಲೆಕ್ಕ ಬೇರೆ, ಅದನ್ನು ನೀವೇ ಮಾಡಿ. ಕರೆಂಟು ಹೋದಾಗಲೇ ಅಂಗಳ ನೋಡಬೇಕು ಅನ್ಸೋದು, ಆಗ ಪೆಟ್ಟಿಗೆಯೇ ಸತ್ತಿದ್ದರೆ ಯಾವ ಐಪಿಯೂ ಸಹಾಯಕ್ಕೆ ಬರಲ್ಲ.

ಮುಂದಿನ ರಜೆಗೆ ಊರಿಗೆ ಹೋದಾಗ ಮೊದಲು ವ್ಯಾನ್ ಐಪಿ ನೋಡಿ, ಆಮೇಲೆ ಡಿವಿಆರ್ ಪಾಸ್‌ವರ್ಡ್ ನೋಡಿ. ಅದು ಇನ್ನೂ ಅಡ್ಮಿನ್, 12345 ಅಂತಿದ್ರೆ ಊಟಕ್ಕೆ ಕೂರೋ ಮುಂಚೆಯೇ ಬದಲಾಯಿಸಿ.