ಹಿರಿಯರು ಹಚ್ಚಿದ ಗಿಡ ಉಳಿಯಲಿ

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆಯಿಂದ ಚಿಕಿತ್ಸೆಗೆ ಬರುವ ಭಕ್ತರಲ್ಲಿ ಕೆಲವರು ತಮ್ಮ ಕಾಯಿಲೆಯ ಮಾತು ಮುಗಿದ ಮೇಲೆ ಮನೆಯ ಗಿಡದ ಕಾಯಿಲೆಯನ್ನೂ ನಮ್ಮ ಮುಂದಿಡುವುದುಂಟು. “ತೀರಿಕೊಂಡ ಅತ್ತೆಯವರು ಹಚ್ಚಿದ ದೊಡ್ಡಪತ್ರೆ, ಒಣಗುತ್ತಿದೆ” ಎನ್ನುವಾಗ ಅವರ ದನಿ ತಗ್ಗುತ್ತದೆ. ಆ ಸಂಕಟವನ್ನು ನಾವೂ ಬಲ್ಲೆವು.

ನಮ್ಮ ತಾಯಿಯವರು ಬಳ್ಳಾರಿಯ ಮನೆಯ ಕುಂಡದಲ್ಲಿ ದೊಡ್ಡಪತ್ರೆಯನ್ನು ಬೆಳೆಸಿದ್ದರು. ಸಂಸ್ಕೃತದಲ್ಲಿ ಪರ್ಣಯವಾನಿ ಎನಿಸಿದ ಈ ಗಿಡದ ದಪ್ಪ ಎಲೆಗೆ ಅಜವಾನದ ಪರಿಮಳವಿದೆ. ಅವರು ಲಿಂಗೈಕ್ಯರಾದ ವರ್ಷ, ಗಿಡ ಬಾಡೀತೆಂಬ ಆತಂಕದಿಂದ ನಾವು ದಿನಕ್ಕೆರಡು ಬಾರಿ ನೀರೆರೆದೆವು. ಎಲೆ ಹಳದಿಯಾಯಿತು, ನೀರು ಸಾಲದೆಂದು ಬಗೆದು ಮತ್ತಷ್ಟು ಎರೆದೆವು. ಕೆಲವೇ ವಾರಗಳಲ್ಲಿ ಬುಡ ಕಪ್ಪಾಗಿ ಕೊಳೆಯಿತು. ರೋಗಿಗಳಿಗೆ ಹಿತಮಿತದ ಆಹಾರವನ್ನು ಬೋಧಿಸುವ ನಾವೇ ಗಿಡಕ್ಕೆ ಅತಿಯಾಗಿ ಉಣಿಸಿದ್ದೆವು.

ಗಿಡಗಳಿಗೂ ವೈದ್ಯವುಂಟೆಂಬುದು ನಮ್ಮ ನಾಡಿಗೆ ಹೊಸತಲ್ಲ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ.

ಮಣ್ಣು ಮತ್ತು ನೀರು

ನಮ್ಮ ಸೀಮೆಯ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಹತ್ತಿಗೆ ಒಗ್ಗುವ ಈ ಗುಣ ಕುಂಡದ ದೊಡ್ಡಪತ್ರೆಗೆ ಒಗ್ಗದು. ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಇವನ್ನು ಸಮಪಾಲಾಗಿ ಬೆರೆಸಬೇಕು. ಕುಂಡದ ತಳದಲ್ಲಿ ರಂಧ್ರವಿರಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರೆರೆಯಬೇಕು. ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಿಡಕ್ಕೆ ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನ ನೆರಳಿರಲಿ.

ಕಡ್ಡಿಯಿಂದ ಮರುಹುಟ್ಟು

ಎಷ್ಟು ಜೋಪಾನ ಮಾಡಿದರೂ ಎರಡು ಮೂರು ವರ್ಷಗಳಲ್ಲಿ ಇದರ ಕಾಂಡ ಬಲಿತು ಬರಡಾಗುತ್ತದೆ. ಆದುದರಿಂದ ಹಳೆಯ ಕಾಂಡವನ್ನೇ ಉಳಿಸಲು ಹೆಣಗುವುದಕ್ಕಿಂತ ಹೊಸ ಕಡ್ಡಿ ನೆಡುವುದೇ ಗಿಡವನ್ನು ಉಳಿಸುವ ದಾರಿ. ಮಳೆಗಾಲದ ಆರಂಭದಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಎಳೆಯ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಟ್ಟು ನೆಡಬೇಕು. ಎರಡು ಮೂರು ವಾರಗಳಲ್ಲಿ ಬೇರೊಡೆಯುತ್ತದೆ. ಬೀಜದ ಸಸಿಯಲ್ಲಿ ಗುಣಗಳು ಬೆರೆಯಬಹುದು; ಕಡ್ಡಿಯಿಂದ ಬೆಳೆದದ್ದು ಮೂಲ ಗಿಡದ ಒಡಲೇ.

ನಮ್ಮ ಪಾಲಿಗೆ ನಡೆದದ್ದೂ ಅದೇ. ತಾಯಿಯವರು ಹಿಂದೆ ಸಿರುಗುಪ್ಪದ ನಮ್ಮ ತಂಗಿಗೆ ಒಂದು ಕಡ್ಡಿ ಕೊಟ್ಟಿದ್ದರು. ಅಲ್ಲಿ ಬೆಳೆದ ಗಿಡದಿಂದ ತಂದ ಕಡ್ಡಿಯೇ ಇಂದು ನಮ್ಮ ಅಂಗಳದಲ್ಲಿದೆ. ಅವರು ಕೈಯೆತ್ತಿ ಕೊಟ್ಟದ್ದು ಉಳಿಯಿತು. ನಾವು ಕಾಯುತ್ತ ಕುಳಿತದ್ದು ಅಳಿಯಿತು.

ಬಳಕೆಯಲ್ಲಿ ಎಚ್ಚರ

ಸಾಮಾನ್ಯ ನೆಗಡಿ, ಕೆಮ್ಮಿಗೆ ದೊಡ್ಡವರು ಒಂದೆರಡು ಎಲೆಗಳ ರಸವನ್ನು ಜೇನುತುಪ್ಪದೊಡನೆ ಸೇವಿಸಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಉಸಿರಾಟದ ತೊಂದರೆ, ಬಿಡದ ಜ್ವರ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಕೀಟನಾಶಕ ಸಿಂಪಡಿಸಿದ ಗಿಡದ ಎಲೆ ಔಷಧಿಗೆ ಸಲ್ಲದು.

ಭಕ್ತರು ಈ ಮಳೆಗಾಲದಲ್ಲಿ ತಮ್ಮ ಹಿರಿಯರ ಗಿಡದಿಂದ ಎರಡು ಕಡ್ಡಿಗಳನ್ನು ತೆಗೆಯಲಿ. ಒಂದನ್ನು ತಮ್ಮ ಕುಂಡದಲ್ಲಿ ನೆಡಲಿ, ಇನ್ನೊಂದನ್ನು ಮಗಳ ಮನೆಗೋ ನೆರೆಮನೆಗೋ ಕೊಡಲಿ.